‘ಮೂನ್ ಸಫಾರಿ’ಯ ಏರ್ ಆಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ಏರ್ ಜೋಡಿಯ ‘ಮೂನ್ ಸಫಾರಿ’ ತುಂಬಾ ಹಿಡಿಸಿತು. ಅದೇ ಗುಂಗಿನಲ್ಲಿ ಮುಂದಿನ ಆಲ್ಬಂ ಹಾಕಿದರೆ ಬೇರೆ ಯಾರದೋ ಸಂಗೀತ ಅನ್ನಿಸಿತು. ಇವರು ಯಾಕೆ ಹೀಗೆ ಬದಲಾದರು?

ಉತ್ತರ: ನೀವು ಎಡವಿರೋದು ‘10,000 ಹರ್ಟ್ಜ್ ಲೆಜೆಂಡ್’ನಲ್ಲಿ ಅಲ್ವಾ? ನಾನೂ ಅಲ್ಲೇ ಎಡವಿದ್ದೆ. ಬದಲಾದದ್ದು ವಾದ್ಯಕ್ಕಿಂತ ಜಾಸ್ತಿ ದನಿ.

ಏರ್ ಅಂದರೆ ನಿಕೋಲಾ ಗೊದಾಂ ಮತ್ತು ಜಾಂ-ಬೆನ್ವಾ ಡಂಕೆಲ್, ಇಬ್ಬರೂ ಫ್ರಾನ್ಸಿನ ವರ್ಸೇಲ್ಸ್ ಊರಿನವರು. ಒಬ್ಬರು ಓದಿದ್ದು ವಾಸ್ತುಶಿಲ್ಪ, ಇನ್ನೊಬ್ಬರು ಗಣಿತ. ಇಬ್ಬರಿಗೂ ಮೂಗ್, ರೋಡ್ಸ್‌ನಂಥ ಹಳೇ ಕೀಬೋರ್ಡ್‌ಗಳ ಹುಚ್ಚು. 1998ರ ‘ಮೂನ್ ಸಫಾರಿ’ಯ ಮೊದಲ ಟ್ರ್ಯಾಕ್ ‘ಲಾ ಫಾಮ್ ದಾರ್ಜಾಂ’ ಇನ್ನೊಮ್ಮೆ ಹಾಕಿ. ಏಳು ನಿಮಿಷ, ಸಾಹಿತ್ಯವೇ ಇಲ್ಲ. ಸಾಮಾನ್ಯವಾಗಿ ಹಿಂದೆ ನಿಂತು ತಾಳಕ್ಕೆ ಒತ್ತು ಕೊಡುವ ಬೇಸ್ ಗಿಟಾರ್ ಇಲ್ಲಿ ಮುಂದೆ ಬಂದು ತಾನೇ ಹಾಡುತ್ತದೆ. ಅವಸರವೇ ಇಲ್ಲ. ಕೀಬೋರ್ಡ್‌ಗಳು ಅದರ ಸುತ್ತ ಸುಮ್ನೆ ಸುಳಿದಾಡುತ್ತವೆ. ಆ ಆಲ್ಬಂನಲ್ಲಿ ಗಾಯಕಿ ಬೆತ್ ಹರ್ಷ್ ಎರಡು ಹಾಡು ಹಾಡಿದ್ದಾರೆ. ಗೊದಾಂ, ಡಂಕೆಲ್ ತಮ್ಮ ದನಿಯನ್ನು, ಮನುಷ್ಯರ ದನಿಯನ್ನು ರೋಬೋಟ್ ದನಿಯಂತೆ ಮಾಡುವ ವೊಕೋಡರ್ ಯಂತ್ರದ ಹಿಂದೆ ಅಡಗಿಸಿಕೊಂಡಿದ್ದರು.

ಇಷ್ಟು ಹಿತವಾದ ಸಂಗೀತಕ್ಕೆ ಒಂದು ಕಷ್ಟವಿದೆ. ಕೆಫೆಯಲ್ಲಿ ಹಾಕಿದರೆ ಯಾರೂ ಕಿವಿ ಕೊಡುವುದಿಲ್ಲ! 2001ರ ‘ಲೆಜೆಂಡ್’ ಬೇಕಂತಲೇ ಆ ಹಿತ ಕೆಡಿಸುತ್ತದೆ ಅಂತ ನನ್ನ ಲೆಕ್ಕ. ಅದರಲ್ಲೊಂದು ಹಾಡಿದೆ. ಕಂಪ್ಯೂಟರ್ ದನಿಯೊಂದು ಭಾವವೇ ಇಲ್ಲದೆ ಪ್ರೀತಿಯ ಮಾತು ಒಪ್ಪಿಸುತ್ತಾ ಹೋಗುತ್ತದೆ. ಕೊನೆಗೆ ಹೆಣ್ಣು ದನಿ ಹೇಳುವುದಿಷ್ಟೇ: ನೀನು ಸಿಗರೇಟು ಬಿಡೋದು ಒಳ್ಳೇದು. ಮೊದಲ ಸಲ ಸಿಟ್ಟು ಬಂತು. ಮೂರನೇ ಸಲ ನಗು ಬಂತು.

ಈ ಎರಡರ ನಡುವೆ ಸೋಫಿಯಾ ಕೊಪೊಲಾ ಅವರ ‘ದಿ ವರ್ಜಿನ್ ಸೂಯಿಸೈಡ್ಸ್’ ಚಿತ್ರಕ್ಕೆ ಏರ್ ಸಂಗೀತ ಕೊಟ್ಟಿತ್ತು; ಆ ಸಂಗೀತದ ಆಲ್ಬಂ 2000ದಲ್ಲಿ ಬಂತು. ಲಯ ನಿಧಾನವೇ, ಆದರೆ ಕತ್ತಲೆ ಕವಿದ ಹಾಗೆ. ಹಾಗಾಗಿ ತಿರುವು ಏಕಾಏಕಿ ಬಂದದ್ದಲ್ಲ.

2004ರ ‘ಟಾಕಿ ವಾಕಿ’ಯಲ್ಲಿ ಇವರೇ ಮುಂದೆ ನಿಂತು, ಮೆಲ್ಲಗೆ, ಸ್ವಲ್ಪ ನಾಚಿಕೊಂಡೇ ಹಾಡಿದರು. ಅದರ ಧ್ವನಿ ಕೆಲಸದಲ್ಲಿ ಜೊತೆಗಿದ್ದವರು ರೇಡಿಯೋಹೆಡ್ ಎಂಬ ರಾಕ್ ಬ್ಯಾಂಡ್‌ನ ಆಲ್ಬಂಗಳ ನಿರ್ಮಾಪಕ ನೈಜೆಲ್ ಗಾಡ್ರಿಚ್. ಒಂದು ಸ್ವರ ಜಾಸ್ತಿ ಇಲ್ಲ. 2007ರ ‘ಪಾಕೆಟ್ ಸಿಂಫನಿ’ಗೆ ಬರುವಾಗ ಗೊದಾಂ ಜಪಾನಿನ ತಂತಿವಾದ್ಯ ಕೋಟೋ ಕಲಿತು ನುಡಿಸಿದರು. ಚೆನ್ನಾಗಿದೆ, ಆದರೆ ನನಗೆ ಸ್ವಲ್ಪ ತಣ್ಣಗನ್ನಿಸಿತು.

ನೀವು ಮೊದಲು ‘ಟಾಕಿ ವಾಕಿ’ ಕೇಳಿ, ಹೆಡ್‌ಫೋನ್ ಹಾಕ್ಕೊಂಡು. ‘ಲೆಜೆಂಡ್’ ಆಮೇಲೆ ನೋಡೋಣ.