ಚರ್ಚು ಹಳೇದೋ, ಹಳೇದರ ಹಾಗೆ ಕಟ್ಟಿದ್ದೋ?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಹಳ್ಳಿ ಚರ್ಚುಗಳನ್ನು ನೋಡಿದೆವು. ಚೂಪು ಕಮಾನು, ಕಲ್ಲಿನ ಗೋಪುರ, ಬಣ್ಣದ ಗಾಜು. ಆರೇಳು ನೂರು ವರ್ಷ ಹಳೇದಿರಬೇಕು ಅಂದುಕೊಂಡರೆ, ಕಟ್ಟಿದ್ದು 1860ರ ಸುಮಾರಿಗೆ ಅಂದರು. ಹೊಸದನ್ನು ಹಳೇದರ ಹಾಗೆ ಯಾಕೆ ಕಟ್ಟಿದರು? ಗುರುತು ಹಿಡಿಯೋದು ಹೇಗೆ?

ಉತ್ತರ: ಮೋಸ ಹೋದವರು ನೀವೊಬ್ಬರೇ ಅಲ್ಲ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನೂ ತುಂಬಾ ಜನ ಬಹಳ ಹಳೇದು ಅಂದುಕೊಂಡಿರುತ್ತಾರೆ. ಅದು 1930ರ ದಶಕದ್ದು. ಅದಕ್ಕೆ ಮಾದರಿ ಜರ್ಮನಿಯ ಕೊಲೋನ್ ಚರ್ಚು ಅಂತಾರೆ. ತಮಾಷೆ ಅಂದರೆ, 1248ರಲ್ಲಿ ಶುರುವಾದ ಆ ಕೊಲೋನ್ ಚರ್ಚಿನ ಅವಳಿ ಗೋಪುರ ಮುಗಿದದ್ದೇ 1880ರಲ್ಲಿ!

ಈಗ ಇಂಗ್ಲೆಂಡಿಗೆ ಬರೋಣ. 18ನೇ ಶತಮಾನದ ಇಂಗ್ಲಿಷ್ ಚರ್ಚು ಒಳಗಡೆ ಸಭಾಭವನದ ಹಾಗಿರುತ್ತಿತ್ತು. ಎದ್ದು ಕಾಣುವ ಉಪದೇಶದ ಪೀಠ, ಉಳ್ಳವರಿಗೆ ಬಾಗಿಲಿದ್ದ ಖಾಸಗಿ ಆಸನದ ಗೂಡುಗಳು, ಮೇಲೆ ಗ್ಯಾಲರಿ. ಇದು ದೇವರ ಮನೆಯ ಹಾಗಿಲ್ಲ ಅಂತ 1830ರ ದಶಕದಲ್ಲಿ ಗಲಾಟೆ ಎದ್ದಿತು. ವಾಸ್ತುಶಿಲ್ಪಿ ಪ್ಯೂಜಿನ್, ಗ್ರೀಕ್ ಕಂಬಗಳೆಲ್ಲ ಅನ್ಯಧರ್ಮದವು, ಕ್ರೈಸ್ತರಿಗೆ ತಕ್ಕದ್ದು ಚೂಪು ಕಮಾನಿನ ಮಧ್ಯಯುಗದ ಗಾಥಿಕ್ ಶೈಲಿ ಒಂದೇ ಅಂತ ಹಟ ಹಿಡಿದ. 1839ರಲ್ಲಿ ಕೇಂಬ್ರಿಡ್ಜ್ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಸುಮಾರು 14ನೇ ಶತಮಾನದ ಶೈಲಿಯೇ ಸರಿ, ಬಲಿಪೀಠ ಮೆಟ್ಟಿಲ ಮೇಲೆ ಎತ್ತರದಲ್ಲಿರಬೇಕು, ಅದರ ಮುಂದಿನ ಅಂಕಣ ಉದ್ದಕ್ಕಿರಬೇಕು ಅಂತ ತೀರ್ಪು ಕೊಟ್ಟರು. ಪತ್ರಿಕೆ ತಂದು, ಹೊಸ ಚರ್ಚುಗಳನ್ನು ವಿಮರ್ಶಿಸಿ, ಒಪ್ಪದ ವಾಸ್ತುಶಿಲ್ಪಿಗಳನ್ನು ಚೆನ್ನಾಗಿ ಜಾಡಿಸುತ್ತಿದ್ದರು. ನಮ್ಮಲ್ಲೂ ಸಿಮೆಂಟಿನಲ್ಲಾದರೂ ಪರವಾಗಿಲ್ಲ, ದೇವಸ್ಥಾನದ ಗೋಪುರ ಮಾತ್ರ ಹಳೇ ಶೈಲಿಯಲ್ಲೇ ಬೇಕು ಅಂತೀವಲ್ಲ, ಹಾಗೇ.

ಒಂದು ಚರ್ಚನ್ನು ಹತ್ತಿರದಿಂದ ನೋಡೋಣ. ಗ್ಲೌಸ್ಟರ್‌ಶೈರಿನಲ್ಲಿ ಸ್ಟ್ರೌಡ್ ಊರಿನ ಪಕ್ಕ ಸೆಲ್ಸ್ಲಿ ಅಂತ ಒಂದು ಹಳ್ಳಿ. ಅಲ್ಲಿನ ಆಲ್ ಸೇಂಟ್ಸ್ ಚರ್ಚು 1862ರದ್ದು. ಹಣ ಹಾಕಿದ್ದು ಬಟ್ಟೆ ಗಿರಣಿಯ ಸಾಹುಕಾರ ಸ್ಯಾಮ್ಯುಯೆಲ್ ಮಾರ್ಲಿಂಗ್, ನಕ್ಷೆ ಜಿ. ಎಫ್. ಬಾಡ್ಲಿಯದು. ಗುಡ್ಡದ ಅಂಚಿನಲ್ಲಿ ನಿಂತ ಗೋಪುರಕ್ಕೆ ಶಿಖರ ಇಲ್ಲ, ಮನೆಯ ಸೂರಿನ ಹಾಗೆ ಎರಡು ಕಡೆ ಇಳಿಜಾರಾದ ಚಾವಣಿ. ಇಂಗ್ಲೆಂಡಿಗಿಂತ ಫ್ರಾನ್ಸಿನ ಛಾಯೆ ಜಾಸ್ತಿ. ಕೆಳಗೆ ಕಣಿವೆಯಲ್ಲಿ ಮಾರ್ಲಿಂಗನ ಎಬ್ಲಿ ಗಿರಣಿ ಇದೆ. ಅದಕ್ಕೆ ಹೊಸ ಗೋಪುರ ಸೇರಿಸಿದ್ದೂ ಇದೇ ಬಾಡ್ಲಿ. ದೇವರಿಗೊಂದು, ದುಡ್ಡಿಗೊಂದು! ಗಿರಣಿ ಈಗ ಸ್ಥಳೀಯ ಆಡಳಿತದ ಕಚೇರಿ.

ಒಳಗೆ ಹೋದರೆ ಕಣ್ಣು ನಿಲ್ಲೋದು ಗಾಜಿನ ಮೇಲೆ. ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1861ರಲ್ಲಿ ತೆರೆದ ಅಲಂಕಾರ ಕೆಲಸದ ಕಂಪನಿಗೆ ಸಿಕ್ಕ ಮೊದಲ ಚರ್ಚು ಕೆಲಸಗಳಲ್ಲಿ ಇದೂ ಒಂದು. ಕಲಾವಿದರಾದ ರೊಸೆಟ್ಟಿ, ಬರ್ನ್-ಜೋನ್ಸ್, ಮ್ಯಾಡಾಕ್ಸ್ ಬ್ರೌನ್ ಎಲ್ಲರೂ ಚಿತ್ರ ಬರೆದುಕೊಟ್ಟರು. ಮೇಲೆ ಕೆಳಗೆ ತಿಳಿ ಗಾಜು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಬಣ್ಣದ ಚಿತ್ರ. ಹಾಗಾಗಿ ಒಳಗೆ ಕತ್ತಲಾಗಲ್ಲ. ಪಶ್ಚಿಮದ ದುಂಡು ಕಿಟಕಿಯಲ್ಲಿ ಸೃಷ್ಟಿಯ ಕಥೆ ಇದೆ. ಆದಾಮ ಪ್ರಾಣಿಗಳಿಗೆ ಹೆಸರಿಡುತ್ತಿದ್ದಾನೆ. ನನಗೆ ಇಡೀ ಚರ್ಚಿನಲ್ಲಿ ಇಷ್ಟವಾದದ್ದು ಅದೇ.

ಇನ್ನು ಗುರುತಿನ ವಿಷಯ. ಹಳೇ ಚರ್ಚು ಒಂದೇ ಸಲ ಕಟ್ಟಿದ್ದಲ್ಲ. ಗೋಪುರ 13ನೇ ಶತಮಾನದ್ದು, ಪಕ್ಕದ ಅಂಕಣ 15ನೆಯದ್ದು, ಬಾಗಿಲ ಮುಂದಿನ ಚಪ್ಪರ ಇನ್ಯಾವಾಗಲೋ ಸೇರಿದ್ದು. ತಲೆಮಾರಿಗೊಂದು ಕೋಣೆ ಎಬ್ಬಿಸಿದ ನಮ್ಮ ಹಳೇ ಮನೆಗಳ ಹಾಗೆ. ಕಿಟಕಿಗಳು ಒಂದರ ಹಾಗೆ ಒಂದಿಲ್ಲ, ಗೋಡೆ ಒಂಚೂರು ವಾಲಿರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ ನೀವು ನೋಡಿದಂಥ 19ನೇ ಶತಮಾನದ್ದು, ಹಾಗಲ್ಲ. ತಳದಿಂದ ತುದಿಯವರೆಗೆ ಒಬ್ಬನೇ ಯೋಚಿಸಿದ್ದು ಗೊತ್ತಾಗುತ್ತದೆ. ಎಲ್ಲ ತೀರಾ ಅಚ್ಚುಕಟ್ಟು ಅನಿಸಿದರೆ ಅನುಮಾನ ಪಡಿ.

ಆಮೇಲೆ ನೆಲ ನೋಡಿ. ಕೆಂಪು, ಹಳದಿ ಚಿತ್ತಾರದ ಹೊಳೆಯುವ ಹೆಂಚು ಹಾಸಿದ್ದರೆ ಬಹುತೇಕ 19ನೇ ಶತಮಾನದ್ದು. ಸ್ಟೋಕ್ ಊರಿನ ಮಿಂಟನ್ ಕಾರ್ಖಾನೆ ಇದಕ್ಕೆ ಹೆಸರುವಾಸಿ. ಮೈಸೂರಿನಲ್ಲಿ ಬೀಟೆ ಮರ ಕೊರೆದು ಬೇರೆ ಬಣ್ಣದ ಚೂರು ಕೂರಿಸುತ್ತಾರಲ್ಲ, ಹಾಗೆ ಒಂದು ಮಣ್ಣಿನ ಹೆಂಚಿನೊಳಗೆ ಇನ್ನೊಂದು ಬಣ್ಣದ ಮಣ್ಣು ತುಂಬಿ ಸುಡುತ್ತಿದ್ದರು. ಮಧ್ಯಯುಗದಲ್ಲೂ ಈ ಕಲೆ ಇತ್ತು. ಆದರೆ ಆ ಹೆಂಚುಗಳು ಸವೆದು, ಅಲ್ಲಲ್ಲಿ ನಾಲ್ಕೈದು ಉಳಿದಿರುತ್ತವೆ ಅಷ್ಟೇ. ನೆಲದಲ್ಲಿ ಬಿಸಿಗಾಳಿಗೆ ಕಬ್ಬಿಣದ ಜಾಲರಿ ಇದ್ದರೆ ಅದೂ ವಿಕ್ಟೋರಿಯಾ ಕಾಲದ ಕೆಲಸವೇ ಇರಬಹುದು.

ಹೊರಗೆ ಸಮಾಧಿ ಕಲ್ಲುಗಳ ಇಸವಿ ಓದಿ. 1700ರ ಆಸುಪಾಸಿನ ಕಲ್ಲು ಒಂದೂ ಇಲ್ಲದೆ, ಎಲ್ಲವೂ 1850ರ ಈಚಿನವಾದರೆ ಚರ್ಚೂ ಆ ಕಾಲದ್ದೇ ಇರಬೇಕು.

ಇಲ್ಲೊಂದು ತೊಡಕಿದೆ. ನಿಜಕ್ಕೂ ಹಳೇದಾದ ಚರ್ಚುಗಳನ್ನೂ ಆ ಕಾಲದವರು ಸುಮ್ನೆ ಬಿಡಲಿಲ್ಲ. 1840ರಿಂದ 1875ರ ನಡುವೆ 7,000ಕ್ಕೂ ಹೆಚ್ಚು ಚರ್ಚುಗಳಿಗೆ ಕೈ ಹಾಕಿದರು. ಗೋಡೆಯ ಹಳೇ ಗಾರೆ ಕೆರೆದರು, ಗ್ಯಾಲರಿ ಕಿತ್ತರು, ಕಿಟಕಿಗಳನ್ನು 'ಸರಿಯಾದ' ಶೈಲಿಗೆ ತಿದ್ದಿದರು. ಕೆಲವನ್ನು ಕೆಡವಿ ಅದೇ ಜಾಗದಲ್ಲಿ ಹೊಸದಾಗಿ ಎಬ್ಬಿಸಿದರು. ಇದನ್ನು ನೋಡಿ ಸಿಟ್ಟಿಗೆದ್ದು 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು ಯಾರು ಗೊತ್ತಾ? ಅದೇ ವಿಲಿಯಂ ಮಾರಿಸ್. ಇನ್ನು ಮೇಲೆ ಹಳೇ ಚರ್ಚುಗಳಿಗೆ ಹೊಸ ಬಣ್ಣದ ಗಾಜು ಮಾಡಿಕೊಡಲ್ಲ ಅಂತ ಅವನ ಕಂಪನಿ ಹೇಳಿಬಿಟ್ಟಿತು. ಒಳ್ಳೇ ವ್ಯಾಪಾರವನ್ನೇ ಕೈಬಿಟ್ಟ ಹಾಗಾಯಿತು.

ಹಾಗೆ ಕೆಡವಿ ಕಟ್ಟಿದ ಚರ್ಚಾದರೆ ಸಮಾಧಿ ಕಲ್ಲನ್ನೂ ನಂಬುವ ಹಾಗಿಲ್ಲ, ಅವು ಕಟ್ಟಡಕ್ಕಿಂತ ಹಳೇವಾಗಿರುತ್ತವೆ. ಅಂಥ ಕಡೆ ಬಾಗಿಲ ಹತ್ತಿರ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿ ಹುಡುಕಿ. ಉಳಿದದ್ದೆಲ್ಲ ಬದಲಾದರೂ ಎಷ್ಟೋ ಊರಲ್ಲಿ ಅದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಸುತ್ತಲಿನ ಕಲ್ಲೆಲ್ಲ ನಯವಾಗಿದ್ದು, ತೊಟ್ಟಿಯೊಂದೇ ಒರಟಾಗಿ, ಅಂಚು ಮುಕ್ಕಾಗಿ ಕಂಡರೆ, ಮೊದಲಿನ ಚರ್ಚಿನದ್ದು ಬಹುಶಃ ಅದೊಂದೇ.