ಲಂಕೆಯಿಂದ ಬಂದದ್ದೆಲ್ಲ ಲಂಕೆಯದ್ದಲ್ಲ

"ಒಪ್ಪಂದ ಆಗಿದೆಯಲ್ಲ ಸಾರ್, ಮತ್ತೆ ಸುಂಕ ಯಾಕೆ?" ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿರುವ ನಮಗೆ ಆಮದುದಾರರು ಕೇಳುವ ಮೊದಲ ಪ್ರಶ್ನೆ ಇದು. ಮುಕ್ತ ವ್ಯಾಪಾರ ಒಪ್ಪಂದ ಅಂದರೆ ಎಲ್ಲರ ಕಣ್ಣೂ ಸುಂಕದ ಪಟ್ಟಿಯ ಮೇಲೆ. ನಾನು ಮೊದಲು ಬಿಡಿಸುವುದು ಮೂಲ ನಿಯಮಗಳ ಪುಟಗಳನ್ನು. ಸರಕು ನಿಜಕ್ಕೂ ಯಾವ ದೇಶದ್ದು ಅಂತ ತೀರ್ಮಾನಿಸುವ ನಿಯಮಗಳವು. ಚಿಕ್ಕ ದ್ವೀಪವೊಂದು ದೊಡ್ಡ ನೆರೆದೇಶದ ಜೊತೆ ಒಪ್ಪಂದ ಮಾಡಿಕೊಂಡಾಗ ಯಾರಿಗೆ ಎಷ್ಟು ದಕ್ಕುತ್ತದೆ ಅನ್ನುವುದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ. ಭಾರತ–ಶ್ರೀಲಂಕಾ ಒಪ್ಪಂದವನ್ನೇ ನೋಡಿ.

1998ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು. 2000ದ ಮಾರ್ಚ್ 1ರಿಂದ ಜಾರಿಗೆ ಬಂತು. ಭಾರತ ಮೂರು ವರ್ಷದಲ್ಲಿ ಸುಂಕ ತೆಗೆಯಬೇಕು, ಲಂಕೆಗೆ ಎಂಟು ವರ್ಷ ಗಡುವು. ಚಿಕ್ಕವರಿಗೆ ಜಾಸ್ತಿ ಸಮಯ ಕೊಟ್ಟದ್ದು ಸರಿಯಾಗಿತ್ತು. ಆದರೆ ಲಂಕೆ ಯಾವುದರಲ್ಲಿ ಗಟ್ಟಿಯೋ ಅದಕ್ಕೇ ಬೇಲಿ ಬಿತ್ತು. ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕೆ.ಜಿ. ಕೋಟಾ. ಸಿದ್ಧ ಉಡುಪಿಗೆ 80 ಲಕ್ಷ ಪೀಸ್, ಅದರಲ್ಲೂ 60 ಲಕ್ಷಕ್ಕೆ ಆಗ ಭಾರತದ ಬಟ್ಟೆಯನ್ನೇ ಬಳಸಬೇಕಿತ್ತು. ಯುರೋಪು, ಅಮೆರಿಕದ ದೊಡ್ಡ ಬ್ರ್ಯಾಂಡ್‌ಗಳಿಗೆ ಹೊಲಿದು ಕೊಡುವ ದೇಶಕ್ಕೆ ಪಕ್ಕದ ಮನೆಯ ಬಾಗಿಲು ಅರ್ಧ ಮಾತ್ರ ತೆರೆದಿತ್ತು.

ಹಾಗಾದರೆ ಲಾಭ ಪಡೆದದ್ದು ಯಾವುದು? ವನಸ್ಪತಿ! ಆಗ ಭಾರತದಲ್ಲಿ ಕಚ್ಚಾ ತಾಳೆ ಎಣ್ಣೆಗೆ ಭಾರೀ ಸುಂಕ, ಲಂಕೆಯಲ್ಲಿ ಕಡಿಮೆ. ಭಾರತದ ಉದ್ಯಮಿಗಳೇ ಅಲ್ಲಿಗೆ ಹೋಗಿ ಕಾರ್ಖಾನೆ ಹಾಕಿದರು. ಹೊರದೇಶದ ತಾಳೆ ಎಣ್ಣೆ ತರಿಸಿ, ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸಿದರು. ತಾಮ್ರದ ಗುಜರಿ ಕರಗಿಸಿ ಕಳಿಸುವ ವ್ಯಾಪಾರವೂ ಹೀಗೇ ಬೆಳೆಯಿತು. ಕೆಲವು ವರ್ಷ ಲಂಕೆಯಿಂದ ಭಾರತಕ್ಕೆ ಬರುವ ರಫ್ತಿನಲ್ಲಿ ಈ ಎರಡರದ್ದೇ ದೊಡ್ಡ ಪಾಲು. ಅಂಕಿ ಅಂಶ ನೋಡಿದವರು ಒಪ್ಪಂದ ಗೆದ್ದಿತು ಅಂದುಕೊಂಡರು.

ಇಲ್ಲಿ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಯಮದ ಪ್ರಕಾರ ಸರಕಿನ ಬೆಲೆಯಲ್ಲಿ ಕನಿಷ್ಠ ಶೇ 35 ಲಂಕೆಯಲ್ಲೇ ಸೇರಿರಬೇಕು. ಜೊತೆಗೆ ಕಚ್ಚಾ ಮಾಲಿನ ನಾಲ್ಕಂಕಿಯ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ, ತಯಾರಾದ ಮಾಲಿನಲ್ಲಿ ಬದಲಾಗಿರಬೇಕು. ಎಣ್ಣೆ 1511, ವನಸ್ಪತಿ 1516, ಅಲ್ಲಿಗೆ ಕೋಡ್ ಬದಲಾಯಿತು. ಇನ್ನು ಬೆಲೆ. ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳಿ. ಎಣ್ಣೆಗೆ 60 ರೂಪಾಯಿ, ಅಲ್ಲಿನ ಕೂಲಿ, ಖರ್ಚು, ಲಾಭ ಸೇರಿ 40. ಒಟ್ಟು 100, ಸ್ಥಳೀಯ ಪಾಲು ಶೇ 40. ಪಾಸ್. ಮುಂದಿನ ತಿಂಗಳು ಎಣ್ಣೆ 75ಕ್ಕೆ ಏರಿತು. ಒಟ್ಟು 115ರಲ್ಲಿ 40 ಅಂದರೆ ಶೇ 34.8. ಫೇಲ್. ಅದೇ ಕಾರ್ಖಾನೆ, ಅದೇ ಕೆಲಸಗಾರರು, ಅದೇ ಡಬ್ಬಿ. ಬದಲಾದದ್ದು ಬೇರೆ ಯಾವುದೋ ದೇಶದ ಎಣ್ಣೆ ದರ. ಹೀಗಿರುವಾಗ ಕೆಲವರು ಬಿಲ್‌ನಲ್ಲೇ ದರ ತಿದ್ದುವ ಆಸೆಗೆ ಬೀಳುತ್ತಾರೆ. ಅಲ್ಲಿಂದ ತಕರಾರು ಶುರು.

2008ರಲ್ಲಿ ಭಾರತ ಕಚ್ಚಾ ಖಾದ್ಯ ತೈಲಗಳ ಸುಂಕವನ್ನು ಸೊನ್ನೆಗೆ ಇಳಿಸಿತು. ಇಲ್ಲಿನ ಗ್ರಾಹಕರಿಗಾಗಿ ತೆಗೆದುಕೊಂಡ ನಿರ್ಧಾರ ಅದು. ಆದರೆ ಎರಡು ದೇಶಗಳ ಸುಂಕದ ಅಂತರದ ಮೇಲೇ ನಿಂತಿದ್ದ ಲಂಕೆಯ ವನಸ್ಪತಿ ಉದ್ಯಮಕ್ಕೆ ಮತ್ತೆ ನೆಲೆ ಉಳಿಯಲಿಲ್ಲ. ಆ ನಿರ್ಧಾರದಿಂದ ಒಪ್ಪಂದದ ಒಂದಕ್ಷರವೂ ಮುರಿದಿರಲಿಲ್ಲ. ಒಪ್ಪಂದ ಕೊಡುವ ರಿಯಾಯಿತಿಯ ಬೆಲೆ ದೊಡ್ಡ ದೇಶದ ಬಜೆಟ್ ಕೈಯಲ್ಲಿರುತ್ತದೆ. ದ್ವೀಪದವರು ಕಾರ್ಖಾನೆ ಹಾಕುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಕಾಳುಮೆಣಸಿನ ಕತೆ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಸಾಮಾನ್ಯ ಸುಂಕ ಶೇ 70. ಲಂಕೆಯಿಂದ ವರ್ಷಕ್ಕೆ 2,500 ಟನ್‌ವರೆಗೆ ಸುಂಕವಿಲ್ಲ. ಅದರ ಮೇಲೆ ಬಂದದ್ದಕ್ಕೆ ದಕ್ಷಿಣ ಏಷ್ಯಾ ದೇಶಗಳ ನಡುವಿನ ಸಾಫ್ಟಾ ಒಪ್ಪಂದದ ಅಡಿ ಶೇ 8 ಮಾತ್ರ. ಈ ಅಂತರ ಕಂಡು ವಿಯೆಟ್ನಾಂ ಮೆಣಸು ಕೊಲಂಬೊ ದಾರಿ ಹಿಡಿದು ಬರುತ್ತಿದೆ ಅಂತ ನಮ್ಮ ಬೆಳೆಗಾರರು ದೂರಿದರು. ನಿಯಮ ಸ್ಪಷ್ಟವಿದೆ. ಮೆಣಸನ್ನು ಒಣಗಿಸಿ, ಜರಡಿ ಹಿಡಿದು, ಹೊಸ ಚೀಲಕ್ಕೆ ತುಂಬಿದರೂ ಕೋಡ್ 0904 ಆಗಿಯೇ ಉಳಿಯುತ್ತದೆ. ಅದು ಲಂಕೆಯದ್ದಾಗಲು ಅಲ್ಲೇ ಬೆಳೆದಿರಬೇಕು.

2017ರ ಡಿಸೆಂಬರ್‌ನಲ್ಲಿ ಭಾರತ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ ಅಂತ. ನಮ್ಮ ಬೆಳೆಗಾರರ ಸಂಕಟ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪೆಟ್ಟು ಲಂಕೆಯ ಮಾತಳೆ, ಕ್ಯಾಂಡಿ ಸುತ್ತಿನ ಸಣ್ಣ ಹಿಡುವಳಿದಾರರಿಗೂ ಬಿತ್ತು. ಅವರ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಅಂಶ ಜಾಸ್ತಿ. ಸತ್ವ ತೆಗೆಯುವ ಉದ್ಯಮಕ್ಕೆ ಅದು ಬೇಕಾದ ಮಾಲು. ಯಾರೋ ವ್ಯಾಪಾರಿ ಬೆರಕೆ ಮಾಡಿದ್ದಕ್ಕೆ ಸ್ವಂತ ಬಳ್ಳಿಯಿಂದ ಕೊಯ್ದವರೂ ದಂಡ ತೆತ್ತರು. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

2020ರ ಸೆಪ್ಟೆಂಬರ್‌ನಿಂದ ನಮ್ಮ ಕಸ್ಟಮ್ಸ್ ನಿಯಮವೂ ಬಿಗಿಯಾಗಿದೆ. ಕೊಲಂಬೊದ ವಾಣಿಜ್ಯ ಇಲಾಖೆ ಕೊಟ್ಟ ಮೂಲ ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು. ಸರಕು ಅಲ್ಲಿನದು ಹೇಗೆ ಅನ್ನುವ ವಿವರವನ್ನೂ ಆಮದುದಾರರೇ ಇಟ್ಟುಕೊಂಡಿರಬೇಕು. ದೊಡ್ಡ ರಫ್ತುದಾರರು ಈ ಕಾಗದಗಳನ್ನು ಹೇಗೋ ಹೊಂದಿಸುತ್ತಾರೆ. ಅರ್ಧ ಎಕರೆಯವರಿಂದ ಮಾಲು ಸೇರಿಸುವ ಊರಿನ ವ್ಯಾಪಾರಿಗೆ ಅದು ಕಷ್ಟ.

ಎಟ್ಕಾ ಎಂಬ ವಿಸ್ತೃತ ಒಪ್ಪಂದದ ಮಾತುಕತೆ 2023ರಲ್ಲಿ ಮತ್ತೆ ಶುರುವಾಯಿತು. ಲಂಕೆಯ ಕಡೆಯವರು ನನ್ನನ್ನು ಕೇಳಿದರೆ ಮೂರೇ ಮಾತು ಹೇಳುತ್ತೇನೆ. ಉಡುಪಿನ ಬಟ್ಟೆ ಎಲ್ಲಿಯದು ಅನ್ನುವ ಷರತ್ತು ಸಡಿಲವಾಗಲಿ. ಕಚ್ಚಾ ಮಾಲಿನ ದರ ದಿಢೀರ್ ಏರಿದಾಗ ಶೇ 35ರ ಲೆಕ್ಕಕ್ಕೆ ಹಿಂದಿನ ವರ್ಷದ ಸರಾಸರಿ ದರ ಹಿಡಿಯಲು ಅವಕಾಶವಿರಲಿ. ಮೆಣಸಿನ ಬೆಳೆಗಾರರ ನೋಂದಣಿಯನ್ನು ಎರಡೂ ದೇಶದ ಕಸ್ಟಮ್ಸ್‌ನವರು ಒಟ್ಟಿಗೆ ನೋಡುವಂತಾಗಲಿ. ಆಗ ಮಾತಳೆಯ ಚೀಲವನ್ನೂ ವಿಯೆಟ್ನಾಂ ಚೀಲವನ್ನೂ ಬಂದರಿನಲ್ಲೇ ಬೇರೆ ಮಾಡಬಹುದು. ಎಲ್ಲರ ಮೇಲೂ ಒಂದೇ ಕನಿಷ್ಠ ಬೆಲೆ ಹೇರುವ ಅಗತ್ಯ ಬರುವುದಿಲ್ಲ, ಕೊಡಗಿನ ಬೆಳೆಗಾರರಿಗೂ ರಕ್ಷಣೆ ಸಿಗುತ್ತದೆ.