ಕೆರೆಯ ಮೀನು, ಬಸ್‌ಸ್ಟ್ಯಾಂಡಿನ ಜನ

ತುಮಕೂರಿನ ಅಮಾನಿಕೆರೆಯಲ್ಲಿ ಎಷ್ಟು ಮೀನಿವೆ? ನೀರು ಖಾಲಿ ಮಾಡದೆಯೂ ಲೆಕ್ಕ ಹಾಕಬಹುದು. ಬಲೆ ಬೀಸಿ 60 ಮೀನು ಹಿಡಿದು, ಗುರುತು ಹಾಕಿ ವಾಪಸ್ ಬಿಡಿ. ನಾಲ್ಕು ದಿನ ಬಿಟ್ಟು ಮತ್ತೆ ಬಲೆ ಬೀಸಿ. ಈ ಸಲ 50 ಸಿಕ್ಕವು, ಅದರಲ್ಲಿ 20ಕ್ಕೆ ಗುರುತಿದೆ ಎನ್ನಿ. ಅಂದರೆ ಐದರಲ್ಲಿ ಎರಡು ಗುರುತಿನವು. ಗುರುತು ಹಾಕಿದ್ದು 60 ಆದರೆ ಒಟ್ಟು ಮೀನು 150. ಅಮಾನಿಕೆರೆಗೆ ಇದು ತೀರಾ ಕಮ್ಮಿ, ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಂಡೆ.

ಸೂರಿಲ್ಲದವರನ್ನು ಎಣಿಸಲು ಸಮಾಜ ವಿಜ್ಞಾನಿಗಳು ಇದೇ ಉಪಾಯ ಬಳಸುತ್ತಾರೆ. ಬಲೆಯ ಬದಲು ಎರಡು ರಾತ್ರಿಯ ಸುತ್ತಾಟ, ಇಲ್ಲವೇ ಆಸ್ಪತ್ರೆಯದೊಂದು, ವಸತಿ ಕೇಂದ್ರದ್ದೊಂದು ಪಟ್ಟಿ. ಎರಡರಲ್ಲೂ ಇರುವವರು ಎಷ್ಟು ಜನ ಅಂತ ನೋಡುವುದು.

ಒಂದೇ ರಾತ್ರಿ ಎಣಿಸಿದರೆ ಸಾಲದಾ? 2011ರ ಜನಗಣತಿ ಹಾಗೇ ಮಾಡಿತ್ತು. ಫೆಬ್ರವರಿ 28ರ ರಾತ್ರಿ ಫುಟ್‌ಪಾತ್, ಪ್ಲಾಟ್‌ಫಾರ್ಮ್, ದೇವಸ್ಥಾನದ ಜಗಲಿಗಳಲ್ಲಿ ಮಲಗಿದವರನ್ನು ಎಣಿಸಿದರು. ಇಡೀ ದೇಶಕ್ಕೆ ಸಿಕ್ಕ ಲೆಕ್ಕ ಸುಮಾರು 17.7 ಲಕ್ಷ. ಆದರೆ ಆ ವರ್ಷ ಶಿವರಾತ್ರಿ ಬಂದದ್ದು ಮಾರ್ಚ್ 2ಕ್ಕೆ. ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ನಡೆಯುವ ಕಾಲ ಅದು. ಎತ್ತು ಮಾರಲು ಬಂದ ರೈತ, ಮನೆಯೇ ಇಲ್ಲದವನು, ಕಂಬಳಿ ಹೊದ್ದ ಮೇಲೆ ಇಬ್ಬರೂ ಒಂದೇ ಥರ ಅಲ್ವಾ? ಹೆಂಗಸರ ಕಥೆ ಇನ್ನೂ ಬೇರೆ. ರಾತ್ರಿ ಯಾರ ಕಣ್ಣಿಗೂ ಬೀಳದ ಮೂಲೆಯೇ ಅವರಿಗೆ ಬೇಕಾದ ಜಾಗ.

ಇಷ್ಟರ ಮೇಲೆ ಕಾನೂನಿನ ಭಯ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದು. ಅದರ ಖರ್ಚಿಗೆ ನಾವೇ ದುಡ್ಡು ಕೊಡುತ್ತೇವೆ. ಮನೆ ಕಂದಾಯದ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಇದೆ, ರಸೀದಿ ತೆಗೆದು ನೋಡಿ. ದೆಹಲಿಯಲ್ಲಿ ಜಾರಿಯಲ್ಲಿದ್ದ ಇಂಥದೇ ಕಾನೂನಿನ ಮುಖ್ಯ ಕಲಮುಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು. ಬಡತನ ಅಪರಾಧವಲ್ಲ ಎಂಬುದು ಅಲ್ಲಿನ ವಾದ.

ಬೇಡುವವರನ್ನು ಹಿಡಿದೊಯ್ಯುವ ವ್ಯಾನ್ ಕಂಡರೆ ಓಡುವವರು ಪೆನ್ನು, ಪಟ್ಟಿ ಹಿಡಿದವರನ್ನು ಕಂಡರೂ ಓಡುತ್ತಾರೆ. ಮೀನಿನ ಲೆಕ್ಕ ಕೆಡುವುದು ಇಲ್ಲೇ. ಮೊದಲ ಸಲ ಸಿಕ್ಕು ಹೆದರಿದವರು ಎರಡನೇ ಸಲ ತಪ್ಪಿಸಿಕೊಂಡರೆ ಗುರುತಿನವರು ಕಮ್ಮಿ ಸಿಗುತ್ತಾರೆ, ಒಟ್ಟು ಲೆಕ್ಕ ಸುಮ್ನೆ ಉಬ್ಬುತ್ತದೆ. ಎರಡೂ ಸಲ ಅವಿತುಕೊಂಡವರೇ ಜಾಸ್ತಿಯಾದರೆ ಲೆಕ್ಕ ಕುಗ್ಗುತ್ತದೆ. ನನಗೆ ಎರಡನೆಯದೇ ಹೆಚ್ಚು ಅಪಾಯ ಅನ್ನಿಸುತ್ತದೆ. ಕಣ್ಣಿಗೆ ಬೀಳದವರಿಗಾಗಿ ವಸತಿ ಕೇಂದ್ರದಲ್ಲಿ ಹಾಸಿಗೆ ಕೇಳುವವರು ಯಾರು?

ನಗರದ ಸೂರಿಲ್ಲದವರಿಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಈ ತೊಂದರೆಯನ್ನು ಬೇರೆ ದಾರಿಯಲ್ಲಿ ದಾಟುತ್ತದೆ. ತಲೆ ಎಣಿಸುವ ತನಕ ಕಾಯದೆ, ಊರಿನ ಪ್ರತಿ 1 ಲಕ್ಷ ಜನಕ್ಕೆ ಕನಿಷ್ಠ 100 ಜನರಿಗೆ ಜಾಗ ಇರಲಿ ಎನ್ನುತ್ತದೆ. 2011ರಲ್ಲಿ ತುಮಕೂರು ನಗರದ ಜನಸಂಖ್ಯೆ 3 ಲಕ್ಷ ದಾಟಿತ್ತು. ಆ ಲೆಕ್ಕಕ್ಕೇ 300 ಜನರಿಗೆ ಜಾಗ ಬೇಕು.

ಆಮೇಲೂ ಎಣಿಸಬೇಕೆಂದರೆ ಖಾಕಿಯನ್ನು ಮನೆಯಲ್ಲೇ ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಟೀ ಮಾರುವವರ ಜೊತೆ ಹೋಗುವುದು ವಾಸಿ. ಯಾವ ಅಜ್ಜಿ ಯಾವ ಮೂಲೆಯಲ್ಲಿ ಮಲಗುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.